ಎರಡು ಚೀಲ ಭತ್ತದ ಗ್ಯಾರಂಟಿ

ತಪ್ಪು ನನ್ನ ಬಾಯಿಯದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನೀವು ಬೇರೆ ಯಾರನ್ನೂ ಅನುಮಾನದಿಂದ ನೋಡಬೇಕಾಗಿಲ್ಲ. ಹೊಸಪೇಟೆಯ ಒಂದು ಶಾಲೆಯಲ್ಲಿ, ಏಳನೇ ಕ್ಲಾಸಿನ ಮಕ್ಕಳ ಎದುರು, ಇನ್ನೊಬ್ಬರ ದನಿಯಲ್ಲಿ ನಾನೊಂದು ಗ್ಯಾರಂಟಿ ಕೊಟ್ಟೆ. ನಗಿಸಲಿಕ್ಕೆಂದೇ ಕೊಟ್ಟದ್ದು. ಎಲ್ಲರೂ ನಕ್ಕರು. ಒಬ್ಬಳು ಮಾತ್ರ ನಗದೆ, ಅದನ್ನು ಅಕ್ಷರ ತಪ್ಪದೆ ಮನೆಗೆ ಒಯ್ದು ಅಪ್ಪನ ಮುಂದಿಟ್ಟಳು.

ನನ್ನದೊಂದು ಹುಟ್ಟುಚಾಳಿ. ಯಾರ ಜೊತೆ ಸ್ವಲ್ಪ ಹೊತ್ತು ಕೂತರೂ ಅವರ ದನಿ ಬಂದು ನನ್ನ ಗಂಟಲಲ್ಲಿ ಬಾಡಿಗೆಗೆ ಇಳಿದುಬಿಡುತ್ತದೆ. ಮೈಸೂರಿನಲ್ಲಿ ನನಗೆ ಮರಗೆಲಸ ಕಲಿಸಿದ ಗುರುಗಳು ಎಷ್ಟೋ ಸಲ ನನ್ನನ್ನು ಕ್ಲಾಸಿನಿಂದ ಆಚೆ ಹಾಕಿದ್ದರು. ಅವರು ಬಾಯಿ ತೆರೆಯುವ ಮೊದಲೇ ಅವರ ದನಿಯಲ್ಲಿ "ಎದ್ದು ನಡಿಯೋ ಕಪಿ" ಎಂದು ನಾನೇ ಹೇಳಿಕೊಂಡು ಎದ್ದು ನಡೆಯುತ್ತಿದ್ದೆ. ಹೊಸಪೇಟೆಯ ಶಾಲೆಯೊಂದು ಮರಗೆಲಸದ ಮೇಷ್ಟ್ರು ಬೇಕೆಂದು ಕೇಳಿದಾಗ ಗುರುಗಳು ಒಂದು ಕ್ಷಣವೂ ಯೋಚಿಸದೆ ನನ್ನ ಹೆಸರು ಹೇಳಿದರು. ಊರು ಎಷ್ಟು ದೂರ ಎಂದು ವಿಚಾರಿಸಿ, ಸಮಾಧಾನವಾದ ಮೇಲೆಯೇ ಹೇಳಿದರಂತೆ.

ಮೈಸೂರಿನವರಿಗೆ ಶ್ರೀರಂಗಪಟ್ಟಣದ ಸೇತುವೆ ದಾಟಿದರೆ ಪರದೇಶ. ಬಳ್ಳಾರಿ ಸೀಮೆ ಎಂದರಂತೂ ಸಮುದ್ರಯಾನ. ನಮ್ಮ ಬೀದಿಯವರು ಬಂದು ನೀರು ಕುದಿಸಿ ಕುಡಿ, ಅವರ ಭಾಷೆ ನಾಲ್ಕು ಮಾತು ಕಲಿತುಕೋ, ವೇಳೆಗೆ ಸರಿಯಾಗಿ ಫೋನು ಮಾಡು ಎಂದು ಬುದ್ಧಿ ಹೇಳಿ ಕಳಿಸಿದರು. ಆದ್ದರಿಂದ ಇದನ್ನು ವಿದೇಶ ಪ್ರವಾಸವೆಂದೇ ಓದಿಕೊಳ್ಳಬೇಕು. ಪಾಸ್‌ಪೋರ್ಟಿನ ಮೇಲೆ ಠಸ್ಸೆ ಬೀಳಲಿಲ್ಲ, ಅಷ್ಟೇ. ಅಂಗಿಯ ಮೇಲೆ ಬಿತ್ತು, ಕೆಂಪಗೆ.

ಹೊಸಪೇಟೆ: ಇಳಿದದ್ದು

ಬೆಳಿಗ್ಗೆ ಸ್ಟೇಷನ್ನಿನ ಹೊರಗೆ ಆಟೋದವನು ಕೇಳಿದ: "ಎಲ್ಲಿಗ್ರೀ? ಮೈನ್ಸಿಗಾ, ಹಂಪಿಗಾ?" ಆ ವರ್ಷಗಳಲ್ಲಿ ಆ ಊರಿಗೆ ಬರುತ್ತಿದ್ದದ್ದು ಎರಡೇ ಜಾತಿ: ಗುಡ್ಡ ಅಗೆಯುವವರು ಮತ್ತು ಕಲ್ಲು ನೋಡುವವರು. ನಾನು ಶಾಲೆಗೆ ಎಂದೆ, ಮರಗೆಲಸ ಕಲಿಸಲಿಕ್ಕೆ ಎಂದೆ. ಅವನು ಹಿಂದಕ್ಕೆ ತಿರುಗಿ ನನ್ನನ್ನು ಪೂರ್ತಿ ನೋಡಿದ.

"ಬಡಿಗ್ಯಾ? ಮೈಸೂರಿಂದಾ? ಯಾಕ್ರೀ, ನಮ್ಮೂರ ಬಡಿಗ್ಯಾರೆಲ್ಲಾ ಸತ್ರೇನು?"

ಸತ್ತಿರಲಿಲ್ಲ. ಲಾರಿ ಹತ್ತಿದ್ದರು. ಇದನ್ನು ವಿವರಿಸಿದವರು ಹೆಡ್‌ಮಾಸ್ಟರ್ ಪಂಪಾಪತಿ ಮೇಷ್ಟ್ರು. ಅವರು ಮಾತಾಡುವಾಗ ಪ್ರತಿ ವಾಕ್ಯಕ್ಕೊಮ್ಮೆ ಪ್ಯಾಂಟು ಮೇಲೆಳೆದುಕೊಳ್ಳುತ್ತಾರೆ. ಅದು ಅವರ ಪೂರ್ಣವಿರಾಮ.

"ಅದುರಿನ ಲಾರಿ ಬಂದಾವು ನೋಡ್ರಿ, ಎಲ್ಲಾ ಬಡಿಗ್ಯಾರೂ ಲಾರಿ ಬಾಡಿ ಕಟ್ಟಾಕ ಹೋಗ್ಯಾರ. ಊರಾಗ ಒಂದು ಕಿಟಕಿ ಮುರುದ್ರ ಮಾಡವ್ರಿಲ್ಲ. ನಮ್ಮನಿ ಬಚ್ಚಲ ಬಾಗಲಾ ಹ್ವಾದ ದೀಪಾವಳಿಗೆ ಬಿತ್ತು. ಇವತ್ತಿಗೂ ನಮ್ಮನಿಯಾಕಿ ಸೀರಿ ಕಟ್ಟೀವ್ರಿ ಅಲ್ಲಿ." ಪ್ಯಾಂಟು ಮೇಲೆ. "ಹಂಗಾಗಿ ಹುಡುಗ್ರಿಗಾದ್ರೂ ಕಲಿಸೋಣಂತ. ಬರ್ರಿ, ಕುಂದ್ರಿ. ಮೊದಲು ಚಾ ಕುಡೀರಿ, ಆಮ್ಯಾಲ ನಮ್ಮ ಬಾಗಲಾ ನೋಡೀರಂತ."

ಹೀಗೆ ಪರದೇಶದಲ್ಲಿ ನನ್ನ ಮೊದಲ ಶೈಕ್ಷಣಿಕ ಕಾರ್ಯಕ್ರಮ ಬಚ್ಚಲುಮನೆಯಲ್ಲಿ ನಡೆಯಿತು.

ಮಾರನೆಯ ದಿನ ಕ್ಲಾಸು. ಪ್ರತಿಯೊಬ್ಬರೂ ಒಂದೊಂದು ಸ್ಟೂಲು ಮಾಡುವುದೆಂದು ಯೋಜನೆ. ಮೈಸೂರಿನಿಂದ ತಂದ ಮಾದರಿ ಸ್ಟೂಲನ್ನು ಮೇಜಿನ ಮೇಲಿಟ್ಟು, ಇದು ಹಲಗೆ, ಇವು ನಾಲ್ಕು ಕಾಲು ಎಂದು ಶುರು ಮಾಡಿದೆ. ಮುಂದಿನ ಸಾಲಿನಲ್ಲಿ ಮಂಜ ಕೈ ಎತ್ತಿದ. ಮರಿಯಮ್ಮನಹಳ್ಳಿ ಕಡೆಯ ಲಾರಿ ಡ್ರೈವರನ ಮಗ.

"ಸರ್, ಇದರ ಪಾಸಿಂಗ್ ಎಷ್ಟ್ರಿ?"

ನನಗೆ ಅರ್ಥವಾಗಲಿಲ್ಲ. ಎಲ್ಲ ಹುಡುಗರ ನಡುವೆ ಒಬ್ಬಳೇ ಕೂತಿದ್ದ ಹುಡುಗಿಯೊಬ್ಬಳು ಬಿಡಿಸಿ ಹೇಳಿದಳು: "ಎಷ್ಟು ಲೋಡ್ ಹೇರಬೇಕಂತ ಲಾರಿ ಮ್ಯಾಲ ಬರದಿರತಾರಲ್ರೀ, ಅದು."

"ಒಬ್ಬ ಮನುಷ್ಯ ಕೂರಬಹುದು" ಎಂದೆ.

ಕ್ಲಾಸಿನ ಉತ್ಸಾಹ ಗಾಳಿ ಹೋದ ಟೈರಿನಂತೆ ಕುಸಿಯಿತು. "ಅದು ಪಾಸಿಂಗ್ ಆತ್ರಿ," ಎಂದ ಮಂಜ, "ಓವರ್‌ಲೋಡ್ ಎಷ್ಟು?"

ಶಾಲೆಯ ಎದುರಿಗೇ ಲಾರಿ ಬಾಡಿ ಕಟ್ಟುವ ಶೆಡ್ಡು. ಅಲ್ಲಿಯ ಮೇಸ್ತ್ರಿಯ ಗಂಟಲು ಬೆಳಿಗ್ಗೆಯಿಂದ ಗೋಡೆ ಹಾರಿ ಬರುತ್ತಲೇ ಇತ್ತು. ಅದು ಆಗಲೇ ನನ್ನೊಳಗೆ ಇಳಿದು ಚಾಪೆ ಹಾಸಿತ್ತು. ಸ್ಟೂಲಿನ ಮೇಲೆ ಫಟಾರನೆ ಕೈ ಬಡಿದು ಆ ದನಿಯಲ್ಲಿ ಕೂಗಿದೆ: "ಏ ತಮ್ಮಾ! ಎರಡು ಚೀಲ ಭತ್ತ ಹೇರಲೇ! ಕಿಂವ್ ಅಂದ್ರ ನನ್ನ ಮೀಸಿ ಬೋಳಸು!"

ಹುಡುಗರು ಬೆಂಚು ಬಡಿದು ನಕ್ಕರು. ನನಗೆ ಮೀಸೆ ಇರಲಿಲ್ಲವಾದ್ದರಿಂದ ಇದರಲ್ಲಿ ಅಪಾಯವೇನೂ ಇಲ್ಲವೆಂದು ನಾನೂ ನಕ್ಕೆ.

ಆ ಹುಡುಗಿ ಗಿರಿಜಾ. ಕಂಪ್ಲಿಯ ಅಕ್ಕಿ ಗಿರಣಿ ಸಾವಕಾರರ ಮಗಳು. ಹೊಸಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಶಾಲೆಯ ಪದ್ಧತಿಯಂತೆ ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಹೊಲಿಗೆ. ಗಿರಿಜಾ ಹೊಲಿಗೆ ಕ್ಲಾಸಿಗೆ ಹೋಗದೆ ಸೀದಾ ಇಲ್ಲಿಗೆ ಬಂದು ಕೂತಿದ್ದಳು. ಅಪ್ಪ ಒಪ್ಪಿದರೆ ತಮ್ಮದೇನೂ ತಕರಾರಿಲ್ಲ ಎಂದು ಹೆಡ್‌ಮಾಸ್ಟರು ಪ್ಯಾಂಟು ಮೇಲೆಳೆದುಕೊಂಡಿದ್ದರು. ಭಾನುವಾರ ಊರಿಗೆ ಹೋದವಳು ಸೋಮವಾರ ಉತ್ತರ ತಂದಳು.

"ನಮ್ಮಪ್ಪ ಅಂದಾನ್ರಿ: 'ನಿಮ್ಮ ಸರ್ ಎರಡು ಚೀಲ ಭತ್ತ ಅಂದಾರಲ್ಲ. ಅಷ್ಟು ತಡಿಯೋ ಸ್ಟೂಲು ನೀನ ಮಾಡಿ ತಂದು ನಮ್ಮ ಮಿಲ್ಲಿನಾಗ ಇಡು. ಪಾಸಾದ್ರ ಬಡಿಗಿ ಕ್ಲಾಸು. ಫೇಲಾದ್ರ ಹೊಲಿಗಿ ಕ್ಲಾಸು, ಮತ್ತ ಬಾಯಿ ಬಿಡಂಗಿಲ್ಲ.'"

"ನಾನು ತಮಾಷೆಗೆ ಹೇಳಿದ್ದಮ್ಮಾ!"

"ನನಗ ಗೊತ್ತೈತ್ರಿ," ಎಂದಳು ಗಿರಿಜಾ. "ನಮ್ಮಪ್ಪಗ ಗೊತ್ತಿಲ್ಲ."

ಸಂಡೂರು: ಮರ ತರಲು ಹೋದದ್ದು

ಸ್ಟೂಲಿಗೆ ಮರ ಬೇಕು. ಊರಿನ ಒಳ್ಳೆಯ ಮರವೆಲ್ಲ ಲಾರಿ ಬಾಡಿಯಾಗಿ ಓಡಾಡುತ್ತಿತ್ತು. ಸಂಡೂರಿನ ಆಚೆ ಗಣಿಯೊಂದರ ಅಂಗಳದಲ್ಲಿ ಚೀನಾದಿಂದ ಯಂತ್ರ ಬಂದ ಪೆಟ್ಟಿಗೆಗಳು ಮುರಿದು ಬಿದ್ದಿವೆ, ಕೇಳಿದರೆ ಕೊಡುತ್ತಾರೆ ಎಂದು ಮಂಜನ ಅಪ್ಪ ಸುದ್ದಿ ತಂದ. ಅವನ ಖಾಲಿ ಲಾರಿಯಲ್ಲೇ ಹೊರಟೆ, ಬಿಳಿ ಅಂಗಿ ಹಾಕಿಕೊಂಡು.

ಬಿಳಿ ಅಂಗಿ ನೋಡಿ ಅವನು ಏನೂ ಹೇಳಲಿಲ್ಲ. ಪರದೇಶದಲ್ಲಿ ಯಾರೂ ಏನೂ ಹೇಳುವುದಿಲ್ಲ, ನೋಡಿ ಆನಂದಿಸುತ್ತಾರೆ. ಘಾಟಿ ಹತ್ತುವಷ್ಟರಲ್ಲಿ ಮುಂದಿನ ಲಾರಿ ಎಬ್ಬಿಸಿದ ಧೂಳಿನಲ್ಲಿ ಜಗತ್ತು ಒಂದೇ ಬಣ್ಣಕ್ಕೆ ತಿರುಗಿತು. ಬೇವಿನ ಮರ ಕೆಂಪು, ನಾಯಿ ಕೆಂಪು, ಚಹದಂಗಡಿಯ ಗಾಜಿನ ಬರಣಿಯೊಳಗಿನ ಬಿಸ್ಕತ್ತೂ ಕೆಂಪು. ಸೀನಿದೆ, ಅದೂ ಕೆಂಪು. ನಮ್ಮ ದಸರಾದಲ್ಲಿ ಬಣ್ಣ ಬಳಿದುಕೊಂಡ ಆನೆಯೂ ಇಷ್ಟು ಸಮನಾಗಿ ಬಳಿದುಕೊಂಡಿರುವುದಿಲ್ಲ.

ಅಂಗಳದಲ್ಲಿ ಪೆಟ್ಟಿಗೆಗಳಿದ್ದವು. ಬೆಳ್ಳನೆಯ ಮರ, ಮೂಸಿದರೆ ಟರ್ಪೆಂಟೈನಿನ ಘಮ. ಎರಡು ಬೆರಳು ದಪ್ಪದ ಹಲಗೆಗಳು, ಅಡಿಯಲ್ಲಿ ಗಟ್ಟಿ ತೊಲೆಗಳು. ಮೇಲೆ ಚೀನೀ ಅಕ್ಷರ, ಒಂದು ಕೊಡೆ, ಒಂದು ಗಾಜಿನ ಲೋಟದ ಚಿತ್ರ. ಕೊಡುವವರು ಕೊಟ್ಟರು. ಲಾರಿಗೆ ಹೇರಿ ಹೊರಟರೆ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ.

"ಪರ್ಮಿಟ್ ಐತೇನ್ರಿ?"

"ಮುರಿದ ಪೆಟ್ಟಿಗೆಗೆ ಎಂಥ ಪರ್ಮಿಟ್ಟು?"

ನಾವು ವಾದ ಮಾಡುತ್ತಿದ್ದಾಗ ಪಕ್ಕದಿಂದ ಅದುರು ತುಂಬಿದ ಲಾರಿಗಳು, ನೆತ್ತಿಯ ಮೇಲೆ ಇನ್ನೊಂದು ಗುಡ್ಡ ಹೊತ್ತು, ಒಂದರ ಹಿಂದೊಂದು ಹಾದುಹೋಗುತ್ತಿದ್ದವು. ಕಾವಲುಗಾರ ಅವುಗಳತ್ತ ತಿರುಗಿಯೂ ನೋಡಲಿಲ್ಲ. ಅವನ್ನೇಕೆ ಕೇಳುವುದಿಲ್ಲ ಎಂದೆ.

"ಅವು ದಿನಾ ಹೊಕ್ಕಾವ್ರಿ, ಪರಿಚಯ ಐತಿ," ಎಂದ ಅವನು ಗಂಭೀರವಾಗಿ. "ನಿಮ್ಮ ಕಟ್ಟಿಗಿ ಹೊಸಾದು."

ಮಂಜನ ಅಪ್ಪ ಅವನಿಗೆ ಎಲೆ ಅಡಿಕೆ ಕೊಟ್ಟು, ನಮ್ಮ ಕಟ್ಟಿಗೆಯ ಪರಿಚಯ ಮಾಡಿಸಿದ. ನಮ್ಮ ಗುಡ್ಡ ಚೀನಾಕ್ಕೆ ಹೋಗುತ್ತದೆ, ಚೀನಾದ ಮರ ನಮಗೆ ಬರುತ್ತದೆ. ಈ ವ್ಯಾಪಾರದಲ್ಲಿ ಯಾರಿಗೆ ಲಾಭವೋ ಗೊತ್ತಿಲ್ಲ. ಏಳನೇ ಕ್ಲಾಸಿಗಂತೂ ಸ್ಟೂಲು ಬಂತು.

ಮತ್ತೆ ಹೊಸಪೇಟೆ: ಕೊಯ್ದದ್ದು

ಮಕ್ಕಳಿಗೆ ಮೊದಲ ಪಾಠ ಗರಗಸ. ಹಿಡಿಯ ಮೇಲೆ ತೋರುಬೆರಳು ಮುಂದಕ್ಕೆ ಚಾಚಿರಬೇಕು, ದಾರಿ ತೋರಿಸುವ ಹಾಗೆ. ನೂಕುವಾಗ ಕೊಯ್ಯುತ್ತದೆ, ಎಳೆಯುವಾಗ ಅದಕ್ಕೆ ವಿಶ್ರಾಂತಿ, ಒತ್ತಬಾರದು. ಅವಸರ ಮಾಡಿದರೆ ಗೆರೆ ತಪ್ಪುತ್ತದೆ. ಇಷ್ಟನ್ನು ಹೇಳಿ ಮುಗಿಸುವ ಮೊದಲೇ ಮಂಜ ಬಾಯಲ್ಲಿ ಗೇರು ಬದಲಿಸುತ್ತ ಹೊರಟಿದ್ದ. ಫಸ್ಟ್ ಗೇರಿನಲ್ಲಿ ಚೆನ್ನಾಗಿಯೇ ಕೊಯ್ದ. ಟಾಪ್ ಗೇರಿಗೆ ಬಿದ್ದಾಗ ಅವನ ಸ್ಟೂಲಿನ ಕಾಲಿನ ಜೊತೆ ಶಾಲೆಯ ಬೆಂಚಿನ ಮೂಲೆಯೂ ಕೆಳಗೆ ಬಿತ್ತು.

"ಎರಡೂ ಸಮಾ ಕೊಯ್ದೀನ್ರಿ ಸರ್," ಎಂದ ಹೆಮ್ಮೆಯಿಂದ.

ಗಿರಿಜಾಳದು ಬೇರೆಯೇ ನಡೆ. ಪೆನ್ಸಿಲ್ ಗೆರೆಯನ್ನು ಒಂದು ಸಲ ದಿಟ್ಟಿಸುತ್ತಾಳೆ, ಜಡೆಯನ್ನು ಹಿಂದಕ್ಕೆ ಎಸೆಯುತ್ತಾಳೆ, ಆಮೇಲೆ ಗರಗಸಕ್ಕೂ ಅವಳಿಗೂ ಮಾತ್ರ ಕೇಳುವ ಮಾತು. ಕೊಯ್ದ ಮೇಲೆ ಗೆರೆ ಅರ್ಧ ಈ ತುಂಡಿನಲ್ಲಿ, ಅರ್ಧ ಆ ತುಂಡಿನಲ್ಲಿ ಉಳಿದಿರುತ್ತಿತ್ತು. ಉಜ್ಜುಗೊರಡಿನಿಂದ ಸುರುಳಿ ಸುರುಳಿಯಾಗಿ ಏಳುವ ಮರದ ಹೆರಕಲನ್ನು ಕಿವಿಗೆ ಲೋಲಾಕಿನಂತೆ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸುತ್ತಿದ್ದಳು. ಇವಳನ್ನು ಒಯ್ದು ಸೂಜಿ ದಾರದ ಮುಂದೆ ಕೂರಿಸುವುದೆಂದರೆ ಒಳ್ಳೆಯ ಗರಗಸದಲ್ಲಿ ಬೆಣ್ಣೆ ಕೊಯ್ದಂತೆ. ಕೂರಿಸುವಂತೆ ಮಾಡುವವನೂ ನಾನೇ ಆಗುತ್ತಿದ್ದೆನಲ್ಲ.

ಒಂದು ದಿನ ಕ್ಲಾಸಿಗೆ ತಡವಾಗಿ ಹೋದೆ. ಬಾಗಿಲ ಹೊರಗೆ ನಿಂತರೆ ಒಳಗಿನಿಂದ ನನ್ನದೇ ದನಿ ಕೇಳುತ್ತಿದೆ! "ಏನಪ್ಪಾ ಮಂಜುನಾಥಾ, ಸ್ವಲ್ಪ ನಿಧಾನವಾಗಿ ಕೊಯ್ಯಬಾರದೇನೋ ಕಂದಾ..." ಇಣುಕಿದೆ. ಗಿರಿಜಾ. ಕುತ್ತಿಗೆ ಓರೆ ಮಾಡಿ, ಬೆರಳ ತುದಿಯಿಂದ ಹಣೆಯ ಮೇಲಿನ ಕೂದಲು ಸರಿಸುತ್ತ. ನಾನು ಹಾಗೆ ಸರಿಸುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಊರಿನವರನ್ನೆಲ್ಲ ಆಡಿಕೊಂಡವನಿಗೆ ಮೊದಲ ಸಲ ಕಿವಿ ಬಿಸಿಯಾಯಿತು.

"ನಾನು ಹಾಗೆ ಮಾತಾಡ್ತೀನಾ?" ಎಂದು ಒಳಗೆ ಹೋಗಿ ಕೇಳಿದೆ.

"ಇಲ್ರಿ ಸರ್," ಎಂದು ಮಂಜ ಸಮಾಧಾನ ಮಾಡಿದ. "ನಿಮ್ದು ಇನ್ನಾ ಸಣ್ಣ ದನಿ."

ಹಂಪಿ: ಅಲುಗಿದ್ದು

ಗಿರಿಜಾಳ ಕೆಲಸ ನಿಧಾನ. ಉಳಿದವರ ಸ್ಟೂಲುಗಳು ಮುಗಿದಾಗ ಅವಳದಿನ್ನೂ ಹಲಗೆ ಬೇರೆ, ಕಾಲು ಬೇರೆ. ಆ ಹೊತ್ತಿಗೆ ಪಂಪಾಪತಿ ಮೇಷ್ಟ್ರಿಗೆ ಉಲ್ಲಾಸ ಬಂತು. ಮಕ್ಕಳು ತಮ್ಮ ತಮ್ಮ ಸ್ಟೂಲು ಹೊತ್ತು ಹಂಪಿಗೆ ಬರಬೇಕು, ಮಂಟಪದಲ್ಲಿ ಅವುಗಳ ಮೇಲೆ ಕೂತು ಕಂಬಗಳ ಚಿತ್ರ ಬರೆಯಬೇಕು.

ತಲೆಯ ಮೇಲೆ ಸ್ಟೂಲು ಹೊತ್ತ ಮೆರವಣಿಗೆ ಬಜಾರಿನಲ್ಲಿ ಸಾಗಿದಾಗ ಬಿಳಿಯ ಪ್ರವಾಸಿಗಳು ಇದಾವುದೋ ಪುರಾತನ ಹಬ್ಬವೆಂದು ತಿಳಿದು ಕೈಮುಗಿದು ಫೋಟೋ ತೆಗೆದರು. ಒಬ್ಬ ಗೈಡು ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಶುರು ಮಾಡಿದ. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ನನ್ನ ಕನ್ನಡ ಕೇಳಿದ ಮೇಲೆ ಅವನು ಇನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ ಇಂಗ್ಲಿಷನ್ನೇ ಮುಂದುವರಿಸಿದ.

ಮಂಟಪದಲ್ಲಿ ಮಕ್ಕಳು ಕೂತರು. ಟಕ್. ಟಕಟಕ. ಟಕ್. ನೂರಾರು ವರ್ಷ ಜನ ನಡೆದ ಹಾಸುಗಲ್ಲು, ಎಲ್ಲೂ ಸಮವಿಲ್ಲ. ಎಲ್ಲ ಸ್ಟೂಲುಗಳೂ ಮೂರು ಕಾಲೂರಿ ನಾಲ್ಕನೆಯದನ್ನು ಎತ್ತಿ ತಾಳ ಹಾಕುತ್ತಿದ್ದವು. ಒಬ್ಬನೂ ನೆಟ್ಟಗೆ ಗೆರೆ ಎಳೆಯಲಾರ. ಗುರುವಾದವನು ಇಂಥ ಹೊತ್ತಿನಲ್ಲಿ ದಾರಿ ತೋರಿಸಬೇಕಲ್ಲ? ಚೀಲದಿಂದ ಗರಗಸ ತೆಗೆದು ನನ್ನ ಮಾದರಿ ಸ್ಟೂಲಿನ ಉದ್ದದ ಕಾಲನ್ನು ತುಸು ಕೊಯ್ದೆ. ಆ ಕಡೆ ವಾಲಿತು. ಎದುರಿನ ಕಾಲು ಕೊಯ್ದೆ. ಈ ಕಡೆ ವಾಲಿತು. ಹೀಗೆ ನ್ಯಾಯ ಹಂಚುತ್ತಾ ಹಂಚುತ್ತಾ ಹೋದಾಗ ಹೆಡ್‌ಮಾಸ್ಟರು ಬಂದು ನನ್ನ ಭುಜ ಮುಟ್ಟಿದರು.

"ಸಾಕ್ರೀ ಮೇಷ್ಟ್ರ. ಈಗ ಅದು ಊಟದ ಮಣಿ ಆಗೈತಿ. ಇನ್ನೊಂದ್ಸಲ ಕೊಯ್ದ್ರ ನೆಲಾ ಅಗಿಬೇಕಾಗತೈತಿ, ಅದಕ್ಕ ಮೈನಿಂಗ್ ಲೀಸು ಬೇಕು."

ಮಕ್ಕಳು ಮಂಟಪ ಬೀಳುವಂತೆ ನಕ್ಕರು. ಗಿರಿಜಾ ಈ ಕಡೆ ನೋಡುತ್ತಲೇ ಇರಲಿಲ್ಲ. ಕೆಳಗೆ ಬಂಡೆಯ ಮೇಲೆ ಒಬ್ಬಾಕೆ ಕಲ್ಲು ಹೂಡಿ ಚಹ ಕಾಯಿಸುತ್ತಿದ್ದಳು. ಬಂಡೆ ಅಂಕುಡೊಂಕು, ಪಾತ್ರೆ ಮಾತ್ರ ಕದಲದೆ ಕುದಿಯುತ್ತಿತ್ತು. ಗಿರಿಜಾ ಅದನ್ನೇ ದಿಟ್ಟಿಸಿ, ಆಮೇಲೆ ನನ್ನತ್ತ ತಿರುಗಿ ಕೇಳಿದಳು:

"ಸರ್, ಒಲಿಗೆ ಯಾರರ ನಾಕು ಕಲ್ಲು ಇಡತಾರೇನ್ರಿ?"

ನಾನು ನನ್ನ ಮಣೆಯ ಮೇಲೆ ಕೂತು ಕೆಳಗಿನ ಒಲೆಯ ಕಲ್ಲುಗಳನ್ನು ಎಣಿಸಿದೆ: ಮೂರು. ಮರುದಿನ ಗಿರಿಜಾ ನಾಲ್ಕನೆಯ ಕಾಲನ್ನು ಬದಿಗಿಟ್ಟಳು. ಹಲಗೆಯನ್ನು ದುಂಡಗೆ ಕೊಯ್ದು, ಮೂರು ತೂತು ಕೊರೆದು, ಮೂರು ಕಾಲುಗಳನ್ನು ಹೊರಕ್ಕೆ ಓರೆಯಾಗಿ ಇಳಿಸಿ, ಮೇಲಿನಿಂದ ಬೆಣೆ ಬಡಿದು ಬಿಗಿ ಮಾಡಿದಳು. ಹಲಗೆಯ ನಡುವೆ ಚೀನಾದ ಗಾಜಿನ ಲೋಟದ ಚಿತ್ರ ಹಾಗೇ ಉಳಿದಿತ್ತು. ನಾಜೂಕು, ಜೋಪಾನ ಎಂಬ ಗುರುತು ಅದು. ಉಜ್ಜಿ ತೆಗೆದುಬಿಡು ಎಂದೆ. ಚಂದ ಐತ್ರಿ, ಇರಲಿ ಎಂದಳು.

ಕಂಪ್ಲಿ: ಕೂತದ್ದು

ಭತ್ತದ ಗದ್ದೆಗಳ ನಡುವೆ ಬಸ್ಸು ಕಂಪ್ಲಿ ಮುಟ್ಟಿತು. ಧೂಳಿನ ಬಣ್ಣ ಬದಲಾಗಿ ಕಣ್ಣಿಗೆ ತಂಪಾಯಿತು. ಗಿರಿಜಾ ಸ್ಟೂಲನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಬೆಣೆಗಳನ್ನು ಒತ್ತಿ ಒತ್ತಿ ನೋಡುತ್ತಿದ್ದಳು. ನಾನು ತಮಾಷೆ ಮಾಡಿ ನೋಡಿದೆ. ಹೆಡ್‌ಮಾಸ್ಟರನ್ನು, ಮೇಸ್ತ್ರಿಯನ್ನು, ಕೊನೆಗೆ ಕಂಡಕ್ಟರನ್ನೂ ಅನುಕರಿಸಿದೆ. ಕಂಡಕ್ಟರ್ ಮಾತ್ರ ಪ್ರತಿಕ್ರಿಯಿಸಿದ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಗಿರಣಿಯ ಬಾಗಿಲಲ್ಲಿ ಅವಳ ಅಪ್ಪ ವೀರಣ್ಣ ಸಾವಕಾರರು ನಿಂತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಬಾಗಿಲಿನಷ್ಟೇ ಅಗಲದ ಮೈ. ನನ್ನನ್ನು ಕಂಡೊಡನೆ ಕುತ್ತಿಗೆ ಓರೆ ಮಾಡಿ, ಹಣೆಯ ಮೇಲೆ ಇಲ್ಲದ ಕೂದಲನ್ನು ಬೆರಳಿನಿಂದ ಸರಿಸಿ, ಸಣ್ಣ ದನಿಯಲ್ಲಿ ಹೇಳಿದರು: "ಬನ್ನೀ ಬನ್ನೀ, ಕೂತ್ಕೊಳ್ಳೀ ಕಂದಾ."

ಹಮಾಲರೆಲ್ಲ ಘೊಳ್ಳೆಂದರು. ರೋಗ ಆ ಮನೆತನದಲ್ಲೇ ಇತ್ತು.

ಆ ಸೀಮೆಯಲ್ಲಿ ಹೊಟ್ಟೆ ತುಂಬಿಸದೆ ಯಾರನ್ನೂ ಪರೀಕ್ಷೆ ಮಾಡುವುದಿಲ್ಲ. ಮಂಡಕ್ಕಿ ಮಿರ್ಚಿ ಬಂತು. ಮಿರ್ಚಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ "ಈಗಲೇ ಅಳತೀರೇನ್ರಿ ಮೇಷ್ಟ್ರ? ಇನ್ನಾ ಚೀಲಾ ಹೇರಿಲ್ಲ" ಎಂದರು ಸಾವಕಾರರು. ಆಮೇಲೆ ಚೀಲಗಳು ಬಂದವು. ಅವುಗಳನ್ನು ನೋಡಿ ನನಗೆ ನಿಜವಾಗಿಯೂ ಅಳು ಬಂತು. ನಮ್ಮ ಬೀದಿಯ ಅಂಗಡಿಯಲ್ಲಿ ಚೀಲವೆಂದರೆ ಒಬ್ಬ ಹುಡುಗ ಎತ್ತಿ ಸೈಕಲ್ಲಿನ ಹಿಂದೆ ಇಡುವಂಥದು. ಇಲ್ಲಿಯ ಭತ್ತದ ಚೀಲವನ್ನು ಇಬ್ಬರು ಎತ್ತಿ ಮೂರನೆಯವನ ಬೆನ್ನ ಮೇಲೆ ಹಾಕುತ್ತಾರೆ. ಅವನು ಒಂದು ಸಲ ನಡುಗಿ, ಶಿವಾ ಎಂದು, ಆಮೇಲೆ ಹೆಜ್ಜೆ ಇಡುತ್ತಾನೆ. ಈ ಅಳತೆಯನ್ನು ಯಾರೂ ನನಗೆ ಹೇಳಿರಲಿಲ್ಲ. ಚೀಲ ಎಂದರೇನೆಂದು ತಿಳಿಯದ ಮನುಷ್ಯನೊಬ್ಬ ಇರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಗಿರಿಜಾ ಸ್ಟೂಲನ್ನು ಗಿರಣಿಯ ಹಳೆಯ ಹಾಸುಗಲ್ಲಿನ ಮೇಲಿಟ್ಟಳು. ನೆಲ ಹಂಪಿಗಿಂತ ಕಡೆ. ಸ್ಟೂಲು ಅಲುಗಲಿಲ್ಲ.

"ಮೂರ ಕಾಲು?" ಎಂದರು ಸಾವಕಾರರು. "ಒಂದು ಉಳಿಸೀರೇನು? ಮತ್ತ ಇದೇನು, ಮ್ಯಾಲ ಗ್ಲಾಸು? ಕುಡುದು ಕುಂದ್ರಬೇಕೇನ್ ಇದರ ಮ್ಯಾಲ?"

ಮೊದಲ ಚೀಲ ಇಳಿಯಿತು. ಮರ ಒಂದು ಸಲ ಮುಲುಗಿತು. ಗಿರಿಜಾ ನನ್ನ ಅಂಗಿಯ ತುದಿ ಹಿಡಿದುಕೊಂಡಳು, ಕಣ್ಣು ಮಾತ್ರ ಬೆಣೆಗಳ ಮೇಲೆ. ಎರಡನೆಯ ಚೀಲ ಮೊದಲಿನದರ ಮೇಲೆ ಕೂತಿತು. ಸಾವಕಾರರು ಎತ್ತು ಕೊಳ್ಳುವವರಂತೆ ಸುತ್ತು ಹಾಕಿದರು. ಬಗ್ಗಿ ನೋಡಿದರು. ಕಾಲಿಗೊಂದು ಗುದ್ದು ಕೊಟ್ಟರು. ಸ್ಟೂಲು ತಪಸ್ಸಿಗೆ ನಿಂತಂತೆ ನಿಂತಿತ್ತು.

"ಪಾಸ್ರಿ ಸಾವಕಾರ್ರ!" ಎಂದ ಒಬ್ಬ ಹಮಾಲ.

"ತಡಿಯಲೇ. ಚೀಲಾ ಸುಮ್ಮನ ಕುಂದ್ರತೈತಿ. ಮನುಷ್ಯಾ ಅಲ್ಲಾಡತಾನ," ಎಂದು ಸಾವಕಾರರು ಚೀಲಗಳನ್ನು ಇಳಿಸಿದರು. ಪಂಚೆ ಸರಿಮಾಡಿಕೊಂಡು ತಾವೇ ಕೂತರು.

ಕೂತರು, ಸ್ಟೂಲು ತಡೆಯಿತು. ಅವರ ಮುಖದಲ್ಲಿ ಒಂದು ನಗುವೂ ಮೂಡುತ್ತಿತ್ತೇನೋ, ಅಷ್ಟರಲ್ಲಿ ಜೇಬಿನ ಮೊಬೈಲು ಬಡಿದುಕೊಂಡಿತು. ಗಿರಣಿಯೊಳಗೆ ಸಿಗ್ನಲ್ ಸಿಗುವುದು ಕಿಟಕಿಯ ಕಡೆ ಮಾತ್ರ. ಏಳುವ ಬದಲು ಅವರು ಕೂತಲ್ಲಿಂದಲೇ ಕಿಟಕಿಯತ್ತ ಜರುಗಿ, ಹಲಗೆಯ ಅಂಚಿನ ಮೇಲೆ ಅರ್ಧ ಮೈ ಇಟ್ಟು, ಇನ್ನರ್ಧವನ್ನು ಗಾಳಿಗೆ ಬಿಟ್ಟು, ಕೈ ಉದ್ದ ಚಾಚಿ "ಹಲೋ" ಎಂದರು. ಎರಡು ಕಾಲುಗಳ ನಡುವಿನ ಖಾಲಿ ಜಾಗ ಸರಿಯಾಗಿ ಅಲ್ಲೇ ಇತ್ತು.

ಎರಡನೆಯ "ಹಲೋ" ತೌಡಿನ ರಾಶಿಯೊಳಗಿನಿಂದ ಬಂತು.

ಹಮಾಲರೆಲ್ಲ ಒಟ್ಟಿಗೆ ಗಿರಣಿಯ ಮಾಡಿನ ಹಂಚುಗಳನ್ನು ಪರೀಕ್ಷಿಸತೊಡಗಿದರು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಯಾರ ದನಿಯನ್ನೂ ಮಾಡುವ ಆಸೆಯಿಲ್ಲದೆ ನಿಂತಿದ್ದೆ. ಸಾವಕಾರರು ಮೈಯೆಲ್ಲ ತೌಡು ಮೆತ್ತಿಕೊಂಡು ಎದ್ದರು. ಹುಬ್ಬಿನಿಂದಲೂ ಉದುರುತ್ತಿತ್ತು.

"ನೋಡಿದ್ರೆಲ್ಲಾ? ಕೆಡವ್ತು! ಫೇಲು! ನಾಳಿಂದ ಹೊಲಿಗಿ ಕ್ಲಾಸು!"

ಮೂರು ಕಾಲಿನ ಸ್ಟೂಲಿನ ಮೇಲೆ ಭಾರ ನಡುವಿಗೇ ಇರಬೇಕು, ಅಂಚಿಗೆ ಸರಿದರೆ ವಾಲುತ್ತದೆ ಎಂದು ವಿವರಿಸಲು ನಾನು "ಅದು ಏನಪ್ಪಾ ಅಂದ್ರೆ ಸರ್" ಎಂದು ಶುರು ಮಾಡಿದೆ. ನನ್ನ ದನಿ ನನಗೇ ತೀರ ಸಣ್ಣದಾಗಿ ಕೇಳಿತು. ಸಾವಕಾರರು ಕೈ ಎತ್ತಿದರು.

ಗಿರಿಜಾ ಹೋಗಿ ಉರುಳಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು. ಕಾಲು, ಬೆಣೆ, ಹಲಗೆ ಎಲ್ಲ ಮುಟ್ಟಿ ನೋಡಿದಳು. ಒಂದು ಕೂದಲೆಳೆಯ ಬಿರುಕೂ ಇಲ್ಲ. ಸೆರಗಿಲ್ಲದ್ದಕ್ಕೆ ಲಂಗದ ತುದಿಯಿಂದ ಅದರ ಮೇಲಿನ ತೌಡು ಒರೆಸಿದಳು. ಅಪ್ಪನ ಮೇಲಿನದನ್ನು ಒರೆಸಲಿಲ್ಲ. ಆಮೇಲೆ ಅವಳು ಆಡಿದ್ದು ಒಂದೇ ಮಾತು. ಅದಾದ ಮೇಲೆ ಆ ಮನೆಯಲ್ಲಿ ಹೊಲಿಗೆಯ ಸುದ್ದಿ ಯಾರೂ ಎತ್ತಲಿಲ್ಲ, ನಾನು ಮೈಸೂರಿಗೆ ಮರಳುವ ತನಕವೂ ಅವಳು ನನ್ನ ಕ್ಲಾಸಿನ ಮುಂದಿನ ಬೆಂಚಿನಲ್ಲೇ ಇದ್ದಳು. ಹಮಾಲರು ಹಂಚು ನೋಡುವುದನ್ನು ಬಿಟ್ಟು ಕೇಳಿಸಿಕೊಂಡ ಆ ಮಾತು ಹೀಗಿತ್ತು:

"ಹ್ವಾದ ತಿಂಗಳ ನಮ್ಮ ಲಾರಿ ಘಾಟಿನಾಗ ಪಲ್ಟಿ ಆದಾಗ, 'ಗಾಡಿದೇನೂ ತಪ್ಪಿಲ್ಲ, ಡ್ರೈವರಗ ನೆಟ್ಟಗ ಕುಂದ್ರಾಕ ಬರಂಗಿಲ್ಲ' ಅಂತ ಊರ ತುಂಬಾ ಹೇಳಿದ್ಯಲ್ಲಪ್ಪಾ?"